ಒಲೆಯ ಲೆಕ್ಕ ನಮ್ಮ ತಕ್ಕಡಿಯಲ್ಲಿ ಆಗಲಿ



ಸೌದೆ ಒಲೆ ಬಿಟ್ಟು ಗ್ಯಾಸ್ ಒಲೆ ಹಿಡಿದರೆ ಗಾಳಿಗೆ ಸೇರುವ ಇಂಗಾಲಾಮ್ಲ ಕಡಿಮೆಯಾಗುತ್ತದೆಂಬ ಮಾತು ಲೈನ್ ಮನೆಗಳಿಗೂ ಬಂದಿದೆ. ಹೀಗೆ ಉಳಿದದ್ದನ್ನು ಟನ್ ಲೆಕ್ಕದಲ್ಲಿ ಪತ್ರ ಮಾಡಿ ಮಾರುವ ವ್ಯಾಪಾರವೂ ಈಗ ಇದೆ. ಅದಕ್ಕೆ ಕಾರ್ಬನ್ ಕ್ರೆಡಿಟ್ ಎಂದು ಹೆಸರು. ಒಲೆ ಹಂಚುವವರು ಪತ್ರ ಪಡೆಯುತ್ತಾರೆ. ದೂರದ ಕಂಪನಿಗಳು ಅದನ್ನು ಕೊಂಡು ತಮ್ಮ ಹೊಗೆಗೆ ಸರಿದೂಗಿಸಿಕೊಳ್ಳುತ್ತವೆ. ಆದುದರಿಂದ ನಮ್ಮ ಅಡಿಗೆಮನೆಯ ಲೆಕ್ಕ ಈಗ ಮಾರಾಟದ ಸರಕಾಗಿದೆ. ಚಹಾ ಎಲೆ ತೂಗುವಾಗ ಮುಳ್ಳು ಎಲ್ಲಿ ನಿಂತಿತೆಂದು ನೋಡದೆ ನಮ್ಮ ತಾಯಂದಿರು ಚೀಲ ಇಳಿಸುವುದಿಲ್ಲ. ಈ ತೂಕವನ್ನೂ ನಾವೇ ನೋಡಬೇಕು.

ಲೆಕ್ಕ ಕಷ್ಟದ್ದಲ್ಲ. ಒಣಗಿದ ಸೌದೆ 1 ಕಿಲೋ ಉರಿದರೆ ಸುಮಾರು ಒಂದೂಮುಕ್ಕಾಲು ಕಿಲೋ ಇಂಗಾಲಾಮ್ಲ ಹೊರಡುತ್ತದೆ. ಗ್ಯಾಸ್ 1 ಕಿಲೋ ಉರಿದರೆ ಸುಮಾರು 3 ಕಿಲೋ, 14.2 ಕಿಲೋ ಸಿಲಿಂಡರ್ ಒಂದಕ್ಕೆ ಸುಮಾರು 42 ಕಿಲೋ. ಗ್ಯಾಸಿನದೇ ಹೆಚ್ಚಲ್ಲವೇ ಎಂದು ಕೇಳಬಹುದು. ಆದರೆ ಹಳೆಯ ಒಲೆಯಲ್ಲಿ ಶಾಖದ ಹೆಚ್ಚು ಪಾಲು ಪಾತ್ರೆಗೆ ತಾಗದೆ ಹೋಗುತ್ತದೆ. ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾತ್ರೆಗೇ ಸೇರುತ್ತದೆ.

ಒಂದು ಉದಾಹರಣೆ ನೋಡೋಣ. ದಿನಕ್ಕೆ 6 ಕಿಲೋ ಸೌದೆ ಉರಿಸುತ್ತಿದ್ದ ಮನೆ ಗ್ಯಾಸ್ ಬಂದ ಮೇಲೆ ಸ್ನಾನದ ನೀರಿಗೆ ಮಾತ್ರ 2 ಕಿಲೋ ಉರಿಸುತ್ತದೆ, ಸಿಲಿಂಡರ್ 45 ದಿನ ಬರುತ್ತದೆ ಎನ್ನೋಣ. ಉಳಿದ ಸೌದೆ 180 ಕಿಲೋ. ಅದರ ಇಂಗಾಲಾಮ್ಲ 315 ಕಿಲೋ. ಗ್ಯಾಸಿನ 42 ಕಳೆದರೆ 273 ಕಿಲೋ ಉಳಿತಾಯ.

ಇಲ್ಲಿಗೇ ಲೆಕ್ಕ ಮುಗಿಸುವವರಿದ್ದಾರೆ. ಆದರೆ ಕಡಿದಷ್ಟು ಮರ ಮತ್ತೆ ಬೆಳೆದರೆ ಆ ಇಂಗಾಲಾಮ್ಲವನ್ನು ಮರವೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ತೋಟದಲ್ಲಿ ನಾವು ಆಯುವುದು ಬಹುಪಾಲು ಸಿಲ್ವರ್ ಮರದ ಸವರಿದ ಕೊಂಬೆ, ಚಹಾ ಗಿಡದ ಕಡ್ಡಿ. ನೂರರಲ್ಲಿ 70 ಪಾಲು ಮತ್ತೆ ಬೆಳೆಯುವುದಾದರೆ 315ರಲ್ಲಿ ಎಣಿಕೆಗೆ ಬರುವುದು ಸುಮಾರು 94. ಗ್ಯಾಸಿನದು ಕಳೆದರೆ 52 ಕಿಲೋ ಮಾತ್ರ. ಸರಿಯಾಗಿ ಉರಿಯದ ಸೌದೆಯ ಮೀಥೇನ್, ಮಸಿ ಇವೂ ಭೂಮಿಯನ್ನು ಕಾಯಿಸುವುದರಿಂದ ಅವನ್ನು ಬೇರೆಯಾಗಿ ಸೇರಿಸಬೇಕು. ಆದರೂ 273 ಎಲ್ಲಿ, 52 ಎಲ್ಲಿ!

ಎರಡನೆಯ ತಪ್ಪು, ಸಂಪರ್ಕ ಕೊಟ್ಟ ಮನೆಗಳನ್ನು ಎಣಿಸಿ ಉಳಿತಾಯವೆನ್ನುವುದು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಕೋಟ್ಯಂತರ ಬಡಮನೆಗಳಿಗೆ ಗ್ಯಾಸ್ ತಂದಿತು. ಅದು ದೊಡ್ಡ ಕೆಲಸವೇ. ಆದರೆ 2023–24ರಲ್ಲೂ ಆ ಮನೆಗಳು ವರ್ಷಕ್ಕೆ ಸರಾಸರಿ 4 ಸಿಲಿಂಡರನ್ನೂ ಪೂರ್ತಿ ತುಂಬಿಸಿಕೊಳ್ಳಲಿಲ್ಲ. ಕೂಲಿ ಬಂದ ವಾರ ಗ್ಯಾಸ್, ಕೈ ಬರಿದಾದ ವಾರ ಸೌದೆ. ಮೂಲೆಯಲ್ಲಿ ನಿಂತ ಖಾಲಿ ಸಿಲಿಂಡರ್ ಏನನ್ನೂ ಉಳಿಸುವುದಿಲ್ಲ. 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು, ತಾವು ಪರಿಶೀಲಿಸಿದ ಒಲೆ ಯೋಜನೆಗಳು ನಿಜ ಉಳಿತಾಯದ ಸುಮಾರು 9 ಪಟ್ಟು ಪತ್ರ ಪಡೆದಿವೆಯೆಂದು ಪ್ರಕಟಿಸಿದರು.

ಹಾಗಾದರೆ ಗ್ಯಾಸ್ ಬೇಡವೇ? ಖಂಡಿತ ಬೇಕು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇಂಗಾಲಾಮ್ಲದ ಲೆಕ್ಕ 273 ಆಗಲಿ, 52 ಆಗಲಿ, ಅಕ್ಕತಂಗಿಯರ ಎದೆಯ ಕೆಮ್ಮು ಕಡಿಮೆಯಾಗಬೇಕು, ಎಲೆ ಬಿಡಿಸಿ ಬಂದ ಮೇಲೆ ಸೌದೆ ಹೊರೆ ಹೊರುವುದು ತಪ್ಪಬೇಕು. ಅದಕ್ಕೆ ಬೇಕಾದದ್ದು ಒಲೆಯ ದಾನವಲ್ಲ. ತಿಂಗಳು ತಿಂಗಳೂ ಸಿಲಿಂಡರ್ ಕೊಳ್ಳುವಷ್ಟು ಕೂಲಿ, ಕೈಗೆಟಕುವ ಬೆಲೆ.

ಬಂಧುಗಳೇ, ಪ್ರತಿ ಲೈನಿನಲ್ಲೂ ನಾಲ್ಕೈದು ಮನೆಯವರು ಮಳೆಗಾಲದಲ್ಲಿ ಒಂದು ವಾರ, ಬೇಸಿಗೆಯಲ್ಲಿ ಒಂದು ವಾರ ಸೌದೆಯನ್ನು ತೂಗಿ ನೋಟುಬುಕ್ಕಿನಲ್ಲಿ ಬರೆಯಿರಿ. ಸಿಲಿಂಡರ್ ಹಚ್ಚಿದ ದಿನ, ಮುಗಿದ ದಿನ ಬರೆಯಿರಿ. ಯಾರಾದರೂ ಒಲೆ ತಂದು ಸಹಿ ಕೇಳಿದರೆ, ಕಾಗದವನ್ನು ಕನ್ನಡದಲ್ಲಿ ಓದಿಸಿಕೊಂಡು, ಮಾರಿದ ಹಣದಲ್ಲಿ ನಮ್ಮ ಸಿಲಿಂಡರಿಗೆಷ್ಟು ಎಂದು ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿರಿ. ನೋಟುಬುಕ್ಕು ನಮ್ಮ ಕೈಯಲ್ಲಿದ್ದರೆ ಮಾತಿಗೆ ಕೂರುವಾಗ ನಾವು ಬರಿಗೈಯಲ್ಲಿ ಕೂರುವುದಿಲ್ಲ.