ಟೈರಿನ ಗಾಳಿ: ತಣ್ಣಗಿರುವಾಗಲೇ ಅಳೆಯಿರಿ

ಬೇಸಿಗೆ ರಜೆಯಲ್ಲಿ ಕಾರಿನಲ್ಲಿ ದೂರ ಹೊರಟವರು ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ‘ಬಿಸಿಲು ಜೋರಾಗಿದೆ, ಸ್ವಲ್ಪ ಗಾಳಿ ಬಿಡಿ, ಇಲ್ಲದಿದ್ದರೆ ಟೈರು ಒಡೆದೀತು’ ಎನ್ನುವುದುಂಟು. ಕೇಳಲು ಸರಿಯೆನಿಸುವ ಈ ಮಾತೇ ಅಪಾಯಕಾರಿ. ಹೇಗೆಂದು ನೋಡೋಣ.

ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ಅದರ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಇದು ಪಠ್ಯಪುಸ್ತಕದ ನಿಯಮ. ಟೈರಿನ ಗಾತ್ರವೂ ಹೆಚ್ಚೇನೂ ಬದಲಾಗುವುದಿಲ್ಲ. ಮಂಗಳೂರಿನಲ್ಲಿ ಬೆಳಿಗ್ಗೆ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್ ಇದ್ದಾಗ ಮಾಪಕ 33 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ತೋರಿಸಿತೆನ್ನಿ. ಮಾಪಕ ತೋರಿಸುವುದು ವಾತಾವರಣದ ಒತ್ತಡಕ್ಕಿಂತ ಹೆಚ್ಚಿರುವ ಭಾಗವನ್ನು ಮಾತ್ರ. ಸಮುದ್ರ ಮಟ್ಟದ ವಾತಾವರಣದ 14.7 ಸೇರಿಸಿದರೆ ಒಟ್ಟು 47.7. ಕಾರು ಓಡಿ ಒಳಗಿನ ಗಾಳಿ 57 ಡಿಗ್ರಿಗೆ, ಅಂದರೆ 330 ಕೆಲ್ವಿನ್‌ಗೆ ಏರಿದರೆ ಒತ್ತಡ ಹತ್ತರಲ್ಲೊಂದು ಪಾಲು ಹೆಚ್ಚಿ 52.5 ಆಗುತ್ತದೆ. ಮಾಪಕದಲ್ಲಿ ಕಾಣುವುದು ಸುಮಾರು 38.

ತಯಾರಕರು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ತಣ್ಣನೆಯ ಟೈರಿನ ಒತ್ತಡವನ್ನು ಸೂಚಿಸಿರುತ್ತಾರೆ. ಬಿಸಿಯಿರುವಾಗ ಗಾಳಿ ಬಿಟ್ಟು 33ಕ್ಕೆ ಇಳಿಸಿದರೆ, ತಣಿದ ಮೇಲೆ ಉಳಿಯುವುದು 29ಕ್ಕಿಂತ ಕಡಿಮೆ!

ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತವೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಟೈರಿಗೂ ಅದೇ ಗತಿ. ವೇಗವಾಗಿ ಓಡುವಾಗ ಒಳಪದರಗಳು ಕಾದು, ಬಿಟ್ಟುಕೊಂಡು ಟೈರು ಸಿಡಿಯಬಹುದು. ಅಂಚುಗಳು ಬೇಗ ಸವೆಯುತ್ತವೆ, ಪೆಟ್ರೋಲೂ ಹೆಚ್ಚು ಬೇಕು. ಅತಿಯಾಗಿ ತುಂಬಿದರೂ ತೊಂದರೆಯೇ: ನಡುಭಾಗ ಸವೆಯುತ್ತದೆ, ರಸ್ತೆಯ ಹಿಡಿತ ತಗ್ಗುತ್ತದೆ.

ಹಾಗಾದರೆ ಎಷ್ಟು ತುಂಬಬೇಕು? ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ, ಪೆಟ್ರೋಲ್ ಮುಚ್ಚಳದ ಒಳಗೆ ಅಥವಾ ಕಾರಿನ ಕೈಪಿಡಿಯಲ್ಲಿ ಅಂಕಿ ಇರುತ್ತದೆ. ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಇರಬಹುದು. ಪೂರ್ತಿ ಜನ, ಸಾಮಾನು ತುಂಬಿದಾಗ ಇನ್ನೂ ಹೆಚ್ಚು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ತುಂಬಬೇಕಾದ ಅಳತೆಯಲ್ಲ.

ಕಾರು ಮೂರು ಗಂಟೆಯಾದರೂ ನಿಂತಿದ್ದ ಬಳಿಕ, ಬಿಸಿಲು ಬೀಳದ ಕಡೆ ಅಳೆಯಿರಿ. ತಿಂಗಳಿಗೊಮ್ಮೆ ಮತ್ತು ದೂರ ಪ್ರಯಾಣಕ್ಕೆ ಮುನ್ನ ಇದು ತಪ್ಪದಿರಲಿ. ಸ್ಟೆಪ್ನಿಯನ್ನು ಮರೆಯಬೇಡಿ. ಕೊನೆಗೆ ವಾಲ್ವ್‌ನ ಮುಚ್ಚಳ ತಿರುಗಿಸಿ ಹಾಕಿ, ದೂಳು ಒಳಸೇರದು.

ವಿದ್ಯಾರ್ಥಿಗಳಿಗೊಂದು ಕೆಲಸ: ಮನೆಯವರ ಜೊತೆ ಹೊರಡುವ ಮುನ್ನ ಒಮ್ಮೆ, ಊರು ಮುಟ್ಟಿದೊಡನೆ ಒಮ್ಮೆ ಒತ್ತಡ ಅಳೆದು ಬರೆದುಕೊಳ್ಳಿ. ಒಳಗಿನ ಗಾಳಿ ಎಷ್ಟು ಡಿಗ್ರಿ ಬಿಸಿಯಾಗಿತ್ತೆಂದು ಲೆಕ್ಕ ಹಾಕಿ. 14.7 ಸೇರಿಸಲು ಮರೆತರೆ ಉತ್ತರ ತಪ್ಪುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಅದು ಇನ್ನೂ ಕಡಿಮೆಯೆಂಬುದೂ ನೆನಪಿರಲಿ.