ವಾಣಿಜ್ಯ ಮತ್ತು ಗಣಕವಿದ್ಯೆಯ ಉಪಾಧ್ಯಾಯರ ತರಬೇತು

2025ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರಕಾರದ ಶಿಕ್ಷಣ ಮಂತ್ರಾಲಯವು ಒಂದು ಪ್ರಕಟಣೆಯನ್ನು ಹೊರಡಿಸಿತು. 2026-27ನೆಯ ಶಾಲಾ ವರ್ಷದಿಂದ ಮೂರನೆಯ ತರಗತಿ ಮೊದಲ್ಗೊಂಡು ಮಕ್ಕಳಿಗೆ ಕೃತಕ ಬುದ್ಧಿಮತ್ತೆಯನ್ನೂ ಗಣಕರೀತಿಯ ಆಲೋಚನೆಯನ್ನೂ ಪಾಠಕ್ರಮದೊಳಗೇ ಸೇರಿಸಿ ಹೇಳಿಕೊಡಲಾಗುವುದೆಂಬುದು ಅದರ ತಾತ್ಪರ್ಯ. ಅದನ್ನು ಓದಿ ಸಂತೋಷಪಟ್ಟವರಲ್ಲಿ ನಾವೂ ಸೇರಿದವರೇ. ಆದರೆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯು ಎದ್ದು ನಿಲ್ಲುತ್ತದೆ: ಈ ಪಾಠವನ್ನು ಹೇಳುವವರು ಯಾರು? ಎಲೆ ಹಾಕಿ ನೀರು ಬಡಿಸಿದ ಮೇಲೆ ಅಕ್ಕಿ ತರಲು ಪೇಟೆಗೆ ಆಳನ್ನು ಅಟ್ಟುವ ಪದ್ಧತಿಯು ನಮ್ಮ ಶಿಕ್ಷಣ ಇಲಾಖೆಗಳಿಗೆ ಹೊಸದಲ್ಲ.

ಹಿಂದಿನ ಇತಿಹಾಸವನ್ನು ನೋಡಿದರೆ ಇದು ಸ್ಪಷ್ಟವಾಗುವುದು. 1984-85ರಲ್ಲಿ ಕೇಂದ್ರ ಸರಕಾರವು 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ ಬ್ರಿಟನ್ನಿನಿಂದ ಬಿಬಿಸಿ ಮೈಕ್ರೋ ಎಂಬ ಯಂತ್ರಗಳನ್ನು ತರಿಸಿ ಆಯ್ದ ಶಾಲೆಗಳಿಗೆ ಹಂಚಿತು. ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದವರು 'ಮಾಹಿತಿ ಸಿಂಧು' ಎಂಬ ಸುಂದರವಾದ ಹೆಸರಿನಲ್ಲಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಕೊಟ್ಟರು. ಅನಂತರ ಬಂದದ್ದು ಕೇಂದ್ರದ ನೆರವಿನ ಐಸಿಟಿ ಯೋಜನೆ. ಈ ಯೋಜನೆಗಳಲ್ಲಿ ಯಂತ್ರವನ್ನು ತರುವುದು, ಕೊಠಡಿಯನ್ನು ಸಜ್ಜುಗೊಳಿಸುವುದು, ಪಾಠ ಹೇಳುವವನನ್ನು ನೇಮಿಸುವುದು ಎಲ್ಲವನ್ನೂ ಬಹುಪಾಲು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಡುವ ಕ್ರಮವು ಬಳಕೆಗೆ ಬಂತು. ಗುತ್ತಿಗೆಯ ಅವಧಿ ಮುಗಿಯಿತು. ಅಲ್ಪ ಸಂಬಳದ ಆ ತರುಣರು ಮನೆಗೆ ಹೋದರು. ಕೊಠಡಿಗೆ ಬೀಗ ಬಿತ್ತು. ಶಾಲೆಯ ಕಾಯಂ ಉಪಾಧ್ಯಾಯರಿಗೆ ಆ ಯಂತ್ರದ ಮೇಲೆ ಅಧಿಕಾರವೂ ಇರಲಿಲ್ಲ, ಅದರ ಪರಿಚಯವೂ ಆಗಿರಲಿಲ್ಲ. ಯಂತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ತೆಗೆಯದೆಯೇ ಹತ್ತನೆಯ ತರಗತಿಯನ್ನು ದಾಟಿದ ಮಕ್ಕಳನ್ನು ನಾವು ಬಲ್ಲೆವು.

ನೆರೆಯ ಕೇರಳದವರು ಇದೇ ಕಾಲದಲ್ಲಿ ಬೇರೊಂದು ದಾರಿಯನ್ನು ಹಿಡಿದರು. 2001ರಲ್ಲಿ ಅಲ್ಲಿ 'ಐಟಿ@ಸ್ಕೂಲ್' ಯೋಜನೆಯು ಆರಂಭವಾಯಿತು. ಅವರು ಕಂಪನಿಯ ಆಳನ್ನು ಶಾಲೆಗೆ ಕರೆತರಲಿಲ್ಲ. ಶಾಲೆಯಲ್ಲಿದ್ದ ಗಣಿತದ, ವಿಜ್ಞಾನದ, ಭಾಷೆಯ ಉಪಾಧ್ಯಾಯರನ್ನೇ ಆರಿಸಿ, ಅವರಲ್ಲಿ ಕೆಲವರನ್ನು ತರಬೇತು ಕೊಡುವವರನ್ನಾಗಿ ಸಿದ್ಧಪಡಿಸಿ, ಅವರ ಮೂಲಕ ಉಳಿದವರಿಗೆ ಕಲಿಸಿದರು. ಹಣ ತೆತ್ತು ಕೊಳ್ಳಬೇಕಾದ ತಂತ್ರಾಂಶವನ್ನು ಬಿಟ್ಟು ಸ್ವತಂತ್ರ ತಂತ್ರಾಂಶವನ್ನು ಅವಲಂಬಿಸಿದರು. 2005ರಿಂದ ಅಲ್ಲಿಯ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮಾಹಿತಿ ತಂತ್ರಜ್ಞಾನವು ಕಡ್ಡಾಯವಾದ ವಿಷಯವಾಯಿತು. ಆ ಸಂಸ್ಥೆಗೆ 2017ರಿಂದ 'ಕೈಟ್' ಎಂದು ಹೆಸರು. ಇದರಲ್ಲಿ ಕನ್ನಡಿಗರಾದ ನಮ್ಮ ಎದೆಗೆ ತಾಗಬೇಕಾದ ಸಂಗತಿಯೊಂದಿದೆ. ಕಾಸರಗೋಡಿನ ಕನ್ನಡ ಶಾಲೆಯ ಮಗುವಿನ ಕೈಯಲ್ಲಿ ಗಣಕವಿದ್ಯೆಯ ಪಠ್ಯಪುಸ್ತಕವು ಕನ್ನಡದಲ್ಲಿದೆ. ಅದನ್ನು ಅಚ್ಚು ಮಾಡಿಸಿ ಕೊಟ್ಟದ್ದು ಮಲೆಯಾಳಿಗಳ ಸರಕಾರ! ಗಡಿಯ ಈಚೆಗೆ, ಕನ್ನಡವೇ ರಾಜಭಾಷೆಯಾಗಿರುವ ನಾಡಿನ ಪ್ರೌಢಶಾಲೆಗಳಲ್ಲಿ, ವೃತ್ತಿಶಿಕ್ಷಣದ ವಿಷಯವಾಗಿ ಅದನ್ನು ಇಟ್ಟುಕೊಂಡಿರುವ ಕೆಲವನ್ನು ಬಿಟ್ಟರೆ, ಇದು ಪರೀಕ್ಷೆಯ ವಿಷಯವೇ ಅಲ್ಲ. ಕಾಸರಗೋಡು ನಮಗೆ ಸೇರಬೇಕೆಂದು ಬರೆದ ಲೇಖನಿಯಿಂದಲೇ ಈ ಮಾತನ್ನೂ ಬರೆಯಬೇಕಾಗಿ ಬಂದಿರುವುದು ನಮಗೆ ಹಿತವಾದ ಕೆಲಸವಲ್ಲ.

ವಾಣಿಜ್ಯದ ಸ್ಥಿತಿಯೇನು? ನಮ್ಮಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗಿನ ಸಮಾಜವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ಭೂಗೋಳ, ರಾಜ್ಯಶಾಸ್ತ್ರ ಮೊದಲಾದವುಗಳ ಜೊತೆಗೆ 'ವ್ಯವಹಾರ ಅಧ್ಯಯನ' ಎಂಬ ಭಾಗವೂ ಇದೆ. ಬ್ಯಾಂಕು, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ ಇವೇ ಮೊದಲಾದ ಪಾಠಗಳು ಅಲ್ಲಿವೆ. ಇವನ್ನು ಸೇರಿಸಿದವರ ದೂರದೃಷ್ಟಿಯನ್ನು ನಾವು ಹೊಗಳುತ್ತೇವೆ. ಆದರೆ ಅದನ್ನು ಕಲಿಸುವ ಉಪಾಧ್ಯಾಯರು ಸಾಮಾನ್ಯವಾಗಿ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಓದಿ ಬಂದವರು. ಅಶೋಕನ ಶಾಸನಗಳನ್ನು ಮನಮುಟ್ಟುವಂತೆ ವಿವರಿಸಬಲ್ಲವರು ಚಾಲ್ತಿ ಖಾತೆಗೂ ಉಳಿತಾಯ ಖಾತೆಗೂ ಇರುವ ಭೇದವನ್ನು ಪುಸ್ತಕದಿಂದ ಓದಿ ಹೇಳಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅದು ಅವರ ದೋಷವಲ್ಲ. ಅವರಿಗೆ ಅದನ್ನು ಯಾರೂ ಕಲಿಸಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಮನೆಮನೆಗೆ ಹೋಗಿ ಬಿಡಿಕಾಸನ್ನು ಕೂಡಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದರೂ ಪಿಗ್ಮಿ ಎಂಬ ಮಾತು ನಮ್ಮ ಪೇಟೆಗಳಲ್ಲಿ ಇನ್ನೂ ಬದುಕಿದೆ. ಪಿಗ್ಮಿಯವನು ನಿತ್ಯವೂ ಬಂದು ಹೋಗುವ ಬೀದಿಯಲ್ಲಿರುವ ಶಾಲೆಯೊಳಗೆ ಬ್ಯಾಂಕಿನ ಪಾಠವು ನೀರಸವಾಗುವುದಾದರೆ ಉಪಾಧ್ಯಾಯರನ್ನು ತಯಾರಿಸುವ ನಮ್ಮ ಕ್ರಮದಲ್ಲಿಯೇ ಕೊರತೆಯಿರಬೇಕು.

ಆ ಕ್ರಮವನ್ನೇ ಈಗ ಪರಿಶೀಲಿಸೋಣ. ಒಂದು ವರ್ಷದ್ದಾಗಿದ್ದ ಬಿ.ಎಡ್. ತರಬೇತು 2014ರ ರಾಷ್ಟ್ರೀಯ ನಿಯಮಾವಳಿಯ ಮೇರೆಗೆ 2015ರಿಂದ ಎರಡು ವರ್ಷಗಳದ್ದಾಯಿತು. ಎರಡು ವರ್ಷಗಳಲ್ಲಿ 20 ವಾರ ವಿದ್ಯಾರ್ಥಿಯು ಶಾಲೆಯಲ್ಲಿದ್ದು ಕೆಲಸ ಕಲಿಯಬೇಕೆಂದೂ ಅದರಲ್ಲಿ 16 ವಾರ ಎರಡನೆಯ ವರ್ಷಕ್ಕೆಂದೂ ಆ ನಿಯಮಾವಳಿಯು ವಿಧಿಸಿತು. ಮಾತು ಸರಿ. ಆದರೆ ಅಭ್ಯಾಸಪಾಠಕ್ಕಾಗಿ ಇವರನ್ನು ಕಳುಹಿಸುವುದು ಸಾಮಾನ್ಯವಾಗಿ ಪ್ರೌಢಶಾಲೆಗಳಿಗೆ. ಲೆಕ್ಕಶಾಸ್ತ್ರವೂ ವ್ಯವಹಾರ ಅಧ್ಯಯನವೂ ಗಣಕವಿಜ್ಞಾನವೂ ಸ್ವತಂತ್ರ ವಿಷಯಗಳಾಗಿ ಆರಂಭವಾಗುವುದು ಪದವಿಪೂರ್ವ ತರಗತಿಯಲ್ಲಿ. ಹೀಗಿರಲು ಎಂ.ಕಾಂ. ಓದಿ ಬಿ.ಎಡ್. ಸೇರಿದ ತರುಣಿಯು ತಾನು ಮುಂದೆ ಕಲಿಸಬೇಕಾದ ವಿಷಯವನ್ನು ತರಬೇತಿಯ ಕಾಲದಲ್ಲಿ ಒಂದು ದಿನವಾದರೂ ಕಲಿಸಿ ನೋಡಿರುವುದಿಲ್ಲ. ಈಜು ಕಲಿಯಲು ಕೆರೆಯಿಲ್ಲದ ಊರಿಗೆ ಕಳುಹಿಸಿದಂತಾಯಿತು. ಇನ್ನು ಈ ಎರಡು ವಿಷಯಗಳ ಬೋಧನಾಪದ್ಧತಿಯನ್ನು ಹೇಳಿಕೊಡಬಲ್ಲ ಅಧ್ಯಾಪಕರು ಶಿಕ್ಷಣ ಮಹಾವಿದ್ಯಾಲಯಗಳಲ್ಲಿ ಎಷ್ಟು ವಿರಳರೆಂಬುದನ್ನು ಆ ಮಹಾವಿದ್ಯಾಲಯಗಳ ಪ್ರಾಂಶುಪಾಲರೇ ಹೇಳಬಲ್ಲರು.

ಈ ನಾಡಿಗೆ ಈ ವಿಚಾರವು ಹೊಸದೆಂದು ಯಾರೂ ತಿಳಿಯಬಾರದು. 1911ರಲ್ಲಿ ಸ್ಥಾಪಿತವಾದ ಮೈಸೂರು ಸಂಪದಭ್ಯುದಯ ಸಮಾಜದ ಆಶ್ರಯದಲ್ಲಿ ಕೃಷಿ, ಕೈಗಾರಿಕೆ, ವಾಣಿಜ್ಯ, ಶಿಕ್ಷಣಗಳ ಚರ್ಚೆಯು ಒಟ್ಟಿಗೇ ನಡೆಯಿತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ, ಎಲ್ಲವೂ ಶ್ರೀ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿಯೇ ಉದಿಸಿದವು. ಹಣವೂ ನುಡಿಯೂ ಒಂದೇ ತೊಟ್ಟಿಲಲ್ಲಿ ಬೆಳೆದ ಆ ಕಾಲದ ಹಿರಿಯರಿಗೆ ವಾಣಿಜ್ಯವನ್ನು ಕನ್ನಡದಿಂದ ಬೇರ್ಪಡಿಸುವ ಯೋಚನೆಯಿರಲಿಲ್ಲ. ಸ್ವಾತಂತ್ರ್ಯಾನಂತರ, 1952-53ರ ಮುದಲಿಯಾರ್ ಆಯೋಗವು ಬಹೂದ್ದೇಶ ಶಾಲೆಗಳನ್ನು ಶಿಫಾರಸು ಮಾಡಿದಾಗ, ಅವುಗಳಿಗೆ ಬೇಕಾದ ವಾಣಿಜ್ಯ, ತಂತ್ರಜ್ಞಾನ ಮೊದಲಾದ ವಿಷಯಗಳ ಉಪಾಧ್ಯಾಯರನ್ನು ಸಿದ್ಧಪಡಿಸಲೆಂದೇ 1963ರಲ್ಲಿ ಮೈಸೂರು, ಅಜಮೇರ, ಭೋಪಾಲ, ಭುವನೇಶ್ವರಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಸ್ಥಾಪಿತವಾದವು. ಬಹೂದ್ದೇಶ ಶಾಲೆಗಳು ಕ್ರಮೇಣ ಮರೆಯಾದವು. ಮೈಸೂರಿನ ಆ ಕಾಲೇಜು ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂಬ ಹೆಸರಿನಿಂದ ಸತ್ಕೀರ್ತಿಯೊಡನೆ ನಡೆಯುತ್ತಿದೆ. 2020ರ ಶಿಕ್ಷಣ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷಗಳ ಏಕೀಕೃತ ಬಿ.ಎಡ್.ಅನ್ನೇ ಕನಿಷ್ಠ ಅರ್ಹತೆಯಾಗಿ ಮಾಡಬೇಕೆಂದು ಹೇಳಿತು, 2023-24ರಿಂದ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗಳೊಡನೆ ಬಿ.ಎಡ್. ಕೂಡಿಸಿದ ಆ ಶಿಕ್ಷಣವು ಪ್ರಯೋಗಾರ್ಥವಾಗಿ ಆರಂಭವಾಯಿತು. ಅರುವತ್ತು ವರ್ಷಗಳ ಹಿಂದೆ ಕಂಡ ದಾರಿಯನ್ನೇ ಸುತ್ತು ಹೊಡೆದು ಮತ್ತೆ ಕಂಡಂತಾಗಿದೆ.

ಒಳ್ಳೆಯ ತರಬೇತು ಎಂದರೆ ಏನೆಂಬುದನ್ನು ಒಂದೆರಡು ದೃಷ್ಟಾಂತಗಳಿಂದ ಹೇಳುತ್ತೇವೆ. ಅಧಿಕಾರಿವರ್ಗವು ಬೇಸರಪಡದೆ ಓದಬೇಕು. ಪದವಿಪೂರ್ವದ ಮೊದಲ ತಿಂಗಳಲ್ಲಿ ಹುಡುಗನಿಗೆ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಎಂದು ಹೇಳುತ್ತಾರೆ. ಅವನು ಅಡಿಕೆ ಮಂಡಿಯವರ ಮನೆಯ ಮಗ. ಅಜ್ಜನ ಕಾಲದ ದೇಶೀ ಖಾತೆಯಲ್ಲಿ ಜಮೆಯು ಎಡಕ್ಕಿರುವುದನ್ನು ಕಂಡಿದ್ದಾನೆ. ಅಲ್ಲದೆ ತಾಯಿಯ ಬ್ಯಾಂಕಿನ ಪಾಸುಪುಸ್ತಕದಲ್ಲಿ ಕಟ್ಟಿದ ಹಣವನ್ನು ಕ್ರೆಡಿಟ್ ಎಂದು ಬರೆದಿದೆ. ಗುರುಗಳೋ ಬ್ಯಾಂಕಿಗೆ ಕಟ್ಟಿದ ಹಣವನ್ನು ಬ್ಯಾಂಕಿನ ಖಾತೆಗೆ ಡೆಬಿಟ್ ಮಾಡು ಎನ್ನುತ್ತಾರೆ. ಹುಡುಗನು ತಬ್ಬಿಬ್ಬಾಗುತ್ತಾನೆ. ಪಾಸುಪುಸ್ತಕವು ಬ್ಯಾಂಕಿನವರು ಬರೆದ ಲೆಕ್ಕ, ಅವರ ಪಾಲಿಗೆ ಆ ಹಣವು ನಮಗೆ ಕೊಡಬೇಕಾದ ಸಾಲ. ನಮ್ಮ ಪುಸ್ತಕದಲ್ಲಿ ಅದೇ ಹಣ ನಮ್ಮ ಆಸ್ತಿ. ಇದನ್ನು ಐದು ನಿಮಿಷ ಕುಳಿತು ಬಿಡಿಸಿ ಹೇಳುವ ಗುರುವಿದ್ದರೆ ಲೆಕ್ಕಶಾಸ್ತ್ರದ ಅರ್ಧವು ಬಗೆಹರಿಯಿತು. ಇಲ್ಲದಿದ್ದರೆ ಹುಡುಗನು ಸೂತ್ರವನ್ನು ಉರುಹೊಡೆದು, ಅಢಾವೆ ಪತ್ರಿಕೆಯ ಎರಡು ಬದಿಗಳು ತಾಳೆಯಾದರೆ ದೇವರ ದಯೆ, ಆಗದಿದ್ದರೆ ಹಣೆಬರಹ ಎಂದುಕೊಂಡು ಬಿ.ಕಾಂ. ಪದವಿಯನ್ನೂ ಪಡೆದುಬಿಡುತ್ತಾನೆ. ಅಂಥವರು ಕೆಲವರು ನಮ್ಮ ಕಚೇರಿಗೇ ಕೆಲಸ ಕೇಳಿ ಬಂದಿದ್ದುಂಟು. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಟ್ಯಾಲಿ ಎಂಬ ತಂತ್ರಾಂಶದ ಗುಂಡಿಗಳನ್ನೆಲ್ಲ ಅವರು ಚಕಚಕನೆ ಒತ್ತಬಲ್ಲರು. ಅದು ತೋರಿಸಿದ ಲಾಭವು ಕೈಯಲ್ಲಿರುವ ನಗದಿಗೆ ಏಕೆ ಸಮನಾಗಿಲ್ಲವೆಂದು ಕೇಳಿದರೆ ಮೌನ.

ಸವಕಳಿಯ ಪಾಠವನ್ನೇ ತೆಗೆದುಕೊಳ್ಳಿ. ಆರು ಲಕ್ಷ ರೂಪಾಯಿಯ ಸರಕುಗಾಡಿಯನ್ನು ಹತ್ತು ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ 60,000. ಉಳಿದ ಬೆಲೆಯ ಮೇಲೆ ನೂರಕ್ಕೆ 15ರಂತೆ ಕಳೆದರೆ ಮೊದಲ ವರ್ಷ 90,000, ಎರಡನೆಯ ವರ್ಷ 76,500. ಲೆಕ್ಕವನ್ನು ಮಾಡಿಸುವುದು ಸುಲಭ. ಗಾಡಿಯ ಮಾಲೀಕನನ್ನೇ ಕಂಡು, ಒಂದು ವರ್ಷ ಓಡಿಸಿದ ಗಾಡಿಯು ಎಷ್ಟಕ್ಕೆ ಮಾರಿಹೋಗುವುದೆಂದು ಕೇಳಿಕೊಂಡು ಬಾ ಎಂದು ಮಕ್ಕಳನ್ನು ಕಳುಹಿಸಲು ಉಪಾಧ್ಯಾಯನಿಗೆ ಧೈರ್ಯ ಬೇಕು, ಸಮಯ ಬೇಕು, ಹಾಗೆ ಕಲಿಸಬಹುದೆಂದು ಅವನಿಗೆ ಯಾರಾದರೂ ತೋರಿಸಿಕೊಟ್ಟಿರಬೇಕು. ಅಷ್ಟೇ ಅಲ್ಲ, ವಾಣಿಜ್ಯದ ಪಾಠವು ವರ್ಷವರ್ಷವೂ ಹಳತಾಗುವ ವಸ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದರ ನೂರಕ್ಕೆ 12 ಮತ್ತು 28ರ ದರಗಳು ಹೋಗಿ ಬಹುಪಾಲು ಸರಕುಗಳು 5 ಹಾಗೂ 18ರ ಕೆಳಗೆ ಬಂದವು. ಹಳೆಯ ಪುಸ್ತಕವನ್ನು ಹಿಡಿದವನು ಹಳೆಯ ದರವನ್ನೇ ಕಲಿಸುತ್ತಾನೆ.

ಗಣಕವಿಜ್ಞಾನದಲ್ಲಿಯೂ ಹೀಗೆಯೇ. ನಿನ್ನೆಯವರೆಗೆ ಸಿ++ ಎಂಬ ಕ್ರಮವಿಧಿಯ ಭಾಷೆ, ಇಂದು ಪೈಥಾನ್. ಏಳರ ಮಗ್ಗಿಯನ್ನು ಯಂತ್ರದಿಂದ ಬರೆಸೆಂದರೆ ಹುಡುಗಿಯು ರೇಂಜ್ (1, 10) ಎಂದು ಆಜ್ಞೆ ಕೊಡುತ್ತಾಳೆ. ಮಗ್ಗಿಯು ಏಳೊಂಬತ್ತ್ಲಿಗೆ ನಿಂತುಬಿಡುತ್ತದೆ. ಹತ್ತನ್ನು ಹನ್ನೊಂದು ಮಾಡು ಎಂದು ತಿದ್ದಿ ಮುಂದೆ ಹೋಗುವವನು ಒಬ್ಬ ಉಪಾಧ್ಯಾಯ. ಏಕೆ ನಿಂತಿತೆಂದು ಅವಳೇ ಹುಡುಕಲಿ ಎಂದು ಸುಮ್ಮನೆ ಕಾಯುವವನು ಇನ್ನೊಬ್ಬ. ಈ ಎರಡನೆಯವನನ್ನು ತಯಾರು ಮಾಡುವುದೇ ತರಬೇತಿನ ಕೆಲಸ. ಈಗ ಅದರ ಅವಶ್ಯಕತೆಯು ಇಮ್ಮಡಿಸಿದೆ. ಏಕೆಂದರೆ ಕೇಳಿದ ಕ್ರಮವಿಧಿಯನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವ ಯಂತ್ರವು ಹುಡುಗರ ಜೇಬಿನಲ್ಲಿಯೇ ಇದೆ. ಈ ಸಾಲು ಇಲ್ಲಿ ಏಕೆ ಬಂತೆಂದು ಕೇಳಿ ಉತ್ತರವನ್ನು ತೂಗಿ ನೋಡಬಲ್ಲ ಗುರುವಿಲ್ಲದಿದ್ದರೆ 30 ಅಂಕದ ಪ್ರಾಯೋಗಿಕ ಪರೀಕ್ಷೆಯು ನಕಲುಬರೆಹದ ಪರೀಕ್ಷೆಯಾಗುವುದು.

ಇನ್ನು ನುಡಿಯ ಮಾತು. ಕನ್ನಡದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ವಾಣಿಜ್ಯವನ್ನೋ ಗಣಕವನ್ನೋ ಆರಿಸಿಕೊಂಡ ಹಳ್ಳಿಯ ವಿದ್ಯಾರ್ಥಿಗೆ ವಿಷಯವೂ ಹೊಸದು, ಭಾಷೆಯೂ ಹೊಸದು. ಎರಡು ಹೊಳೆಗಳನ್ನು ಒಂದೇ ದಿನ ದಾಟಬೇಕಾದವನನ್ನು ದಡ್ಡನೆಂದು ಕರೆಯುವುದು ಅನ್ಯಾಯ. ಕಿರ್ದಿ, ಖತಾವಣಿ, ಠೇವಣಿ, ಹುಂಡಿ ಮುಂತಾದ ಮಾತುಗಳು ನಮ್ಮ ಪೇಟೆಯಲ್ಲಿ ನೂರಾರು ವರ್ಷಗಳಿಂದ ದುಡಿದಿವೆ. ಗಣಕದ ಮೇಲೆ ಕನ್ನಡವನ್ನು ಬರೆಯಲು ಶ್ರೀ ಕೆ. ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಇಷ್ಟಿದ್ದರೂ ಎರಡು ಭಾಷೆಗಳಲ್ಲಿ ಸಲೀಸಾಗಿ ವಿಷಯವನ್ನು ವಿವರಿಸುವ ಕಲೆಯನ್ನು ತರಬೇತಿನ ಅಂಗವಾಗಿ ನಾವು ಎಲ್ಲಿಯೂ ಕಾಣೆವು. ಇಂಗ್ಲಿಷನ್ನು ಓಡಿಸಿರೆಂದು ನಾವು ಹೇಳುತ್ತಿಲ್ಲ. ಕನ್ನಡದಲ್ಲಿ ತಿಳಿಸಿ, ಇಂಗ್ಲಿಷ್ ಪಾರಿಭಾಷಿಕವನ್ನು ಕೈಗಿಡಿರಿ ಎನ್ನುತ್ತೇವೆ.

ಗಣಕವನ್ನು ಬಲ್ಲವರು ಕಂಪನಿಗಳ ದೊಡ್ಡ ಸಂಬಳಕ್ಕೆ ಹೋಗುವರು, ಶಾಲೆಗೆ ಯಾರು ಬರುವರು ಎಂದು ಅಧಿಕಾರಿಗಳು ಹೇಳುವುದುಂಟು. ಬೆಂಗಳೂರಿನ ಮಟ್ಟಿಗೆ ಇದು ನಿಜವಿರಬಹುದು. ಗದಗ, ಕೊಪ್ಪಳ, ಚಾಮರಾಜನಗರಗಳಲ್ಲಿ ಎಂ.ಕಾಂ., ಎಂ.ಸಿ.ಎ. ಮಾಡಿ ಅತಿಥಿ ಉಪನ್ಯಾಸಕರೆಂಬ ಗೌರವದ ಹೆಸರಿನಲ್ಲಿ ವರ್ಷದ ಕೆಲವು ತಿಂಗಳು ಮಾತ್ರ ಅಲ್ಪ ಗೌರವಧನ ಪಡೆಯುತ್ತಿರುವವರನ್ನು, ಅವರಲ್ಲಿ ಹೆಣ್ಣುಮಕ್ಕಳನ್ನು, ಅವರು ನೋಡಿಲ್ಲವೆ? ವಾಣಿಜ್ಯ ವಿಭಾಗದಿಂದ ದ್ವಿತೀಯ ಪದವಿಪೂರ್ವ ಪರೀಕ್ಷೆಗೆ ವರ್ಷವೂ ಕೂಡುವವರ ಸಂಖ್ಯೆಯು ಎರಡು ಲಕ್ಷದ ಆಸುಪಾಸಿನಲ್ಲಿದೆ. ಇಷ್ಟು ಮಕ್ಕಳ ಪಾಠವು ಜೂನ್‌ನಲ್ಲಿ ಬಂದು ಮಾರ್ಚಿನಲ್ಲಿ ಹೋಗುವವರ ಹೆಗಲ ಮೇಲೆ ಎಷ್ಟು ದಿನ ನಿಂತೀತು?

ಮಾನ್ಯ ಶಿಕ್ಷಣ ಮಂತ್ರಿಗಳು ಬರುವ ಆಯವ್ಯಯ ಪತ್ರದಲ್ಲಿ ಹೊಸ ಯಂತ್ರಗಳಿಗೆ ಹಣವನ್ನು ತೆಗೆದಿಡುವ ಮುನ್ನ ಮೂರು ಕೆಲಸಗಳಿಗೆ ಆಜ್ಞೆ ಮಾಡಲಿ. ಸರಕಾರಿ ಶಿಕ್ಷಣ ಮಹಾವಿದ್ಯಾಲಯಗಳಲ್ಲಿ ವಾಣಿಜ್ಯ ಹಾಗೂ ಗಣಕವಿಜ್ಞಾನದ ಬೋಧನಾಪದ್ಧತಿಗೆ ಕಾಯಂ ಅಧ್ಯಾಪಕರನ್ನು ನೇಮಿಸಿ, ಆ ವಿದ್ಯಾರ್ಥಿಗಳ 16 ವಾರಗಳ ಅಭ್ಯಾಸವನ್ನು ಪದವಿಪೂರ್ವ ಕಾಲೇಜುಗಳಿಗೆ ಬದಲಾಯಿಸುವುದು. ಜಿಲ್ಲಾ ತರಬೇತಿ ಸಂಸ್ಥೆಗಳಲ್ಲಿ ಸಮಾಜವಿಜ್ಞಾನದ ಉಪಾಧ್ಯಾಯರಿಗೆ ವ್ಯವಹಾರ ಅಧ್ಯಯನವನ್ನು ಬೇಸಗೆಯ ರಜೆಯಲ್ಲಿ, ಭತ್ಯೆ ಕೊಟ್ಟು, ಸ್ಥಳೀಯ ಬ್ಯಾಂಕು ಮತ್ತು ಸಹಕಾರಿ ಸಂಘದವರ ನೆರವಿನಿಂದ ಕಲಿಸುವುದು. ಕಾಸರಗೋಡಿನ ಕನ್ನಡ ಪಠ್ಯಪುಸ್ತಕಗಳನ್ನು ತರಿಸಿ ನಮ್ಮ ಪಠ್ಯಪುಸ್ತಕ ಸಂಘದ ಮೇಜಿನ ಮೇಲಿಡುವುದು. ಕೊನೆಯದಕ್ಕೆ ತಗಲುವ ವೆಚ್ಚವು ಅಂಚೆಯ ಖರ್ಚು ಮಾತ್ರ. ಅದನ್ನು ಈ ವಾರವೇ ಮಾಡಬಹುದು.