ರೆಪ್ಪೆ ಇಳಿದರೆ ಎದೆಯನ್ನು ನೋಡಬೇಕು

ವೈದ್ಯಶಾಸ್ತ್ರದ ವಿಚಾರದಲ್ಲಿ ಬಿ.ಎ. ತರಗತಿಯವನಿಗೇನು ಕೆಲಸವೆಂದು ಗುರುಗಳೂ ಸಹಪಾಠಿಗಳೂ ಕೇಳಬಹುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದ್ದರಿಂದ ಆಸ್ಪತ್ರೆಯ ಚೀಟಿಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಥೈಮಸ್ ಎಂಬ ಹೆಸರನ್ನು ನಾನು ಕಂಡದ್ದು ಹಾಗೆ.

ಎದೆಮೂಳೆಯ ಹಿಂದೆ, ಹೃದಯದ ಮೇಲ್ಗಡೆ ಇರುವ ಈ ಗ್ರಂಥಿ ಬಾಲ್ಯದಲ್ಲಿ ದೊಡ್ಡದಾಗಿದ್ದು, ವಯಸ್ಸಾದಂತೆ ಕುಗ್ಗುತ್ತದೆ. ಇದು ನಿರುಪಯೋಗಿಯೆಂದೇ ವಿದ್ವಾಂಸರು ಬಹುಕಾಲ ಭಾವಿಸಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬುವರು ಆಗತಾನೆ ಹುಟ್ಟಿದ ಇಲಿಮರಿಗಳಿಂದ ಇದನ್ನು ತೆಗೆದು ನೋಡಿ, ದೇಹದ ರಕ್ಷಣಾಶಕ್ತಿಗೆ ಇದು ಅನಿವಾರ್ಯವೆಂದು ತೋರಿಸಿದರು. ರೋಗಗಳೊಡನೆ ಹೋರಾಡುವ ಒಂದು ಬಗೆಯ ಬಿಳಿರಕ್ತಕಣಗಳಿಗೆ ಇದೇ ಗರಡಿಮನೆ. ಇಲ್ಲಿ ಗಡ್ಡೆ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನಕ್ಕೆ ಮಯಾಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯವೂ ಬರುತ್ತದೆ. ಕಾಯಬೇಕಾದ ಶಕ್ತಿಯೇ ನರವೂ ಸ್ನಾಯುವೂ ಕೂಡುವೆಡೆಯ ಮೇಲೆ ಬೀಳುತ್ತದೆ. ಬೆಳಿಗ್ಗೆ ನೆಟ್ಟಗಿದ್ದ ಕಣ್ಣುರೆಪ್ಪೆ ಸಂಜೆಗೆ ಜೋತುಬೀಳುತ್ತದೆ, ಒಂದು ಎರಡಾಗಿ ಕಾಣುತ್ತದೆ, ನುಂಗುವುದು ಕಷ್ಟವಾಗುತ್ತದೆ.

ಗುಬ್ಬಿ ತಾಲ್ಲೂಕಿನ ನನ್ನ ದೊಡ್ಡಮ್ಮನಿಗೆ ಆದದ್ದು ಇದೇ. ಮನೆಯವರು ನಿದ್ದೆಗೇಡು ಎಂದರು; ನೆರೆಯವರು ದೃಷ್ಟಿ ತೆಗೆದರು; ಒಬ್ಬ ವೈದ್ಯರು ಕನ್ನಡಕ ಬರೆದುಕೊಟ್ಟರು. ಮುದ್ದೆ ಗಂಟಲಲ್ಲಿ ಇಳಿಯದಾದ ಮೇಲೆಯೇ ಎಲ್ಲರಿಗೂ ಗಾಬರಿ. (ನಮ್ಮ ಸೀಮೆಯಲ್ಲಿ ಮುದ್ದೆ ಬಿಟ್ಟರೆ ಮಾತ್ರ ಅದು ಕಾಯಿಲೆ!) ಒಂದೂವರೆ ವರ್ಷ ಕಳೆದು ಬೆಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಂಡಿತು. ಅದನ್ನು ತೆಗೆದ ಮೇಲೆ, ಮಾತ್ರೆ ನುಂಗಿಕೊಂಡು, ಈಗ ಸಂತೆಗೆ ತಾವೇ ಹೋಗಿಬರುತ್ತಾರೆ.

ಚಿಕಿತ್ಸೆ ಇಲ್ಲದ ರೋಗವಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಅಮೆರಿಕದ ಆಲ್ಫ್ರೆಡ್ ಬ್ಲೇಲಾಕ್ 1936ರಲ್ಲೇ ಇಂಥ ಗಡ್ಡೆಯನ್ನು ತೆಗೆದು ತರುಣಿಯೊಬ್ಬಳ ದೌರ್ಬಲ್ಯವನ್ನು ಇಳಿಸಿದ್ದರು. 1981ರಲ್ಲಿ ಜಪಾನಿನ ಮಸಾವೋಕ, ಗಡ್ಡೆ ತನ್ನ ಪೊರೆಯನ್ನು ದಾಟಿದೆಯೇ ಎಂಬುದನ್ನು ನೋಡಿ ಹಂತಗಳನ್ನು ಗುರುತಿಸಿದರು. ಇಂದಿಗೂ ಇಡಿಯಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಹರಡಿದ್ದರೆ ವಿಕಿರಣ, ಔಷಧಿ. ರಕ್ಷಣಾಶಕ್ತಿಯನ್ನು ಕೆರಳಿಸುವ ಹೊಸ ಮದ್ದುಗಳು ಇತರ ಅರ್ಬುದಗಳಲ್ಲಿ ಹೆಸರು ಮಾಡಿವೆಯಾದರೂ, ಈ ರೋಗಿಗಳಲ್ಲಿ ಹೃದಯದ ಸ್ನಾಯುವಿಗೇ ಅಪಾಯ ತಂದದ್ದುಂಟು. ಒಂದೊಂದು ಊರಿನಲ್ಲಿ ಸಿಗುವ ರೋಗಿಗಳು ಕೆಲವೇ ಮಂದಿಯಾದ್ದರಿಂದ, 2010ರಲ್ಲಿ ಹಲವು ದೇಶಗಳ ವೈದ್ಯರು ಸಂಘ ಕಟ್ಟಿ ತಮ್ಮ ದಾಖಲೆಗಳನ್ನು ಒಟ್ಟುಗೂಡಿಸತೊಡಗಿದರು.

ವಿರಳವೆಂದರೆ ಎಷ್ಟು? ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೆ ಒಬ್ಬರಿಂದ ಮೂವರು. ಅದೇ ಲೆಕ್ಕವನ್ನು 2011ರ ಜನಗಣತಿಯ ನಮ್ಮ ಜಿಲ್ಲೆಯ ಸುಮಾರು 26.8 ಲಕ್ಷ ಜನಕ್ಕೆ ಹಾಕಿದರೆ, ವರ್ಷಕ್ಕೆ ಮೂವರಿಂದ ಎಂಟು ಮಂದಿ. ಅವರು ನಮ್ಮ ಬಸ್ಸಿನಲ್ಲೇ ಓಡಾಡುವವರು. 1973ರಿಂದ ಇರುವ ಕಿದ್ವಾಯಿ ಸಂಸ್ಥೆಯಾಗಲಿ ನಿಮ್ಹಾನ್ಸ್ ಆಗಲಿ ತುಮಕೂರಿಗೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ ಇವೆ. ಆ ದಾರಿ ಹಿಡಿಯಬೇಕೆಂದು ಹೇಳುವವರಿಲ್ಲದೆ ವರ್ಷಗಳು ಕಳೆಯುತ್ತವೆ. ತಾಲ್ಲೂಕಿಗೊಂದು ದೊಡ್ಡಾಸ್ಪತ್ರೆಯನ್ನು ನಾನು ಬೇಡುತ್ತಿಲ್ಲ. ಸಂಜೆಗೆ ಇಳಿಯುವ ರೆಪ್ಪೆಯ ಅರ್ಥವನ್ನು ಗುಬ್ಬಿ, ಕುಣಿಗಲುಗಳ ಪ್ರತಿ ಆಶಾ ಕಾರ್ಯಕರ್ತೆಗೂ ತಿಳಿಸಬೇಕು. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೆಸಬೇಕು. ವೈದ್ಯರು ವಿಷಯ ಹೇಳಿದರೆ, ಆ ನಾಲ್ಕು ಸಾಲು ಬರೆಯಲು ನಮ್ಮ ತರಗತಿಯಲ್ಲೇ ಜನರಿದ್ದಾರೆ.